ಲಗತ್ತು ಒಂದು

ಹಾಜರಾತಿ ಕಡಿಮಿ ಬಿದ್ದವರ ಯಾದಿ
ನೋಟೀಸ್ ಬೋರ್ಡಿಗೆ ಹಚ್ಚಿದವ ನಾನ.
ನಾಕು ಮೂಲಿಗೆ ನಾಕು ಪಿನ್ನು, ಒಂದು ಸೊಟ್ಟ.
ಮರುದಿನ ಧಾರವಾಡದ ಜನವರಿ ಥಂಡ್ಯಾಗ
ನನ್ನ ಕಿಡಕಿ ಮುಂದ ಪಾಳಿ.

ನಿಯಮ ಹನ್ನೊಂದು, ಉಪನಿಯಮ ಇ.
ಜಡ್ಡಾದ್ರ ಡಾಕ್ಟರ ಚೀಟಿ, ಸಿಕ್ಕಾ ಸಮೇತ.
ಎನ್‌ಸಿಸಿ, ಕಬಡ್ಡಿ, ಯುವಜನೋತ್ಸವಕ್ಕ ಮಾಸ್ತರ ಸಹಿ.
ಸಾವಾದ್ರ ಸತ್ತವರು ರಕ್ತಸಂಬಂಧಿ ಆಗಿರಬೇಕು,
ಗರಿಷ್ಠ ಐದು ದಿನ.
ಆರನೇ ದಿನಕ್ಕ ಅಳು ನಿಲ್ಲಬೇಕು ಅಂತ ಬರದಿಲ್ಲ.
ಹಾಂಗೂ ಓದಬಹುದು.

ಹದಿನಾಲ್ಕು ಮಂದಿ ಬಂದ್ರು. ಒಂಬತ್ತು ಮಂದಿಗೆ ಟೈಫೈಡು,
ಒಂದ ದವಾಖಾನಿ, ಒಂದ ಅಕ್ಷರ, ಒಂದ ನೀಲಿ ಪೆನ್ನು.
ಒಬ್ಬ ಪುರಾವೆಗಂತ ಟ್ರ್ಯಾಕ್‌ಸೂಟನ್ನ ಹಾಕ್ಕೊಂಡು ಬಂದಿದ್ದ.
ಎಲ್ಲಾ ಪಾಸು. ಕಾಗದ ಸರಿ ಇದ್ರ ನನ್ನ ಕೆಲಸ ಮುಗೀತು.

ಹದಿನೈದನೇದಾಕಿ ಶಾಕಂಬರಿ ಗಂಜಿ, ಬೆಟಗೇರಿ.
ಬಿ.ಎಸ್ಸಿ. ಐದನೇ ಸೆಮಿಸ್ಟರು, ಸಂಖ್ಯಾಶಾಸ್ತ್ರ.
ಅರವತ್ನಾಕು ತಾಸಿಗೆ ನಲವತ್ತಾರು.
ಇನ್ನೆರಡು ಇದ್ದಿದ್ರ ಆಕಿ ನನ್ನ ಕಿಡಕಿಗೆ ಬರ್ತಿರಲಿಲ್ಲ.

ಕಾರಣ: ಅಂಬಾಸಾ ತೀರಿಕೊಂಡರು.
ಸಂಬಂಧ: ಖಾಲಿ.

ಅಜ್ಜ ಅಂತ ಬರಿಯವಾ, ಅಂದೆ, ಹಿಂದಿನವರಿಗೆ ಕೇಳದ್ಹಾಂಗ.
ಅಜ್ಜ ಅಲ್ರಿ. ಅವರು ಸಾ ಮಂದಿ, ನಾವು ದೇವಾಂಗರು,
ನಡುವ ಒಂದು ಗ್ವಾಡಿ.
ಮಾವ?
ಅಲ್ರಿ.
ಪೆನ್ನಿನ ಟೊಪಗಿ ಕಚ್ಚಿಕೊಂಡು ನಿಂತ್ಲು ಒಂದೀಟು ಹೊತ್ತು.
ಆಮ್ಯಾಲೆ ಬರದ್ಲು: ಅರ್ಧ ಸೀರಿ.

ಕುಣಿಮಗ್ಗದ ಮ್ಯಾಲೆ ಹಾಂಗ ನಿಂತಿತ್ರಿ.
ಒಡಲು ಅರ್ಧ ಆಗಿತ್ತು, ಸೆರಗು ಬಾಕಿ.
ಅಣ್ಣಿಗೇರಿಯವರ ಮದುವಿ ಸೀರಿ,
ಸಂಚಗಾರ ಔಷಧಕ್ಕ ಖರ್ಚಾಗಿತ್ತು.
ನನಗ ಎಣಿಸೋದು ಕಲಿಸಿದವರು ಅವರ ರಿ,
ಸಾಲಿಗೆ ಹೋಗೂಕಿಂತ ಮೊದಲ, ಎಳಿ ಹಿಡಿದು.
ತಪ್ಪಿದ್ರ ಬೈತಿರಲಿಲ್ಲ. ಬಿಚ್ಚು ಅಂತಿದ್ರು.
ಹನ್ನೊಂದು ದಿನ ಹಿಡೀತ್ರಿ. ನನ್ನ ಕೈ ನಿಧಾನ.

ಪುರಾವೆ ಏನೈತಿ, ಅಂದೆ.
ಕೇಳಬೇಕಲ್ಲ.

ಕಂಪಾಸ್ ಡಬ್ಬಿ ತೆಗೆದ್ಲು.
ಮಗ್ಗದಿಂದ ಸೀರಿ ಕೊಯ್ದಾಗ ಉಳಿದಿದ್ದ ಹಾಸು,
ಒಂದು ಗೇಣು, ಕೆಂಪಂದು, ತುದಿಗೆ ಗಂಟು.
ನನ್ನ ಸ್ಟೇಪ್ಲರ್ ಎರಡು ಸಲ ನೂಲಿನ್ಯಾಗ ಸಿಗಿಬಿತ್ತು,
ಮೂರನೇದಕ್ಕ ಕಚ್ಚಿತು.
ಬಾಜೂಕ ಬರದೆ: ಲಗತ್ತು ೧.

ಫೈಲು ಗುಡ್ಡದ ಮ್ಯಾಲಿನ ಯೂನಿವರ್ಸಿಟಿಗೆ ಹೋತು.
ಷರತ್ತಿನ ಹಾಲ್ ಟಿಕೆಟ್ ಮ್ಯಾಲೆ ಆಕಿ ಪರೀಕ್ಷಾಕ್ಕ ಕೂತ್ಲು.
ಫಲಿತಾಂಶ ತಡೆಹಿಡಿದಾರ.

ಆ ರಾತ್ರಿ ಮನ್ಯಾಗ ಟ್ರಂಕು ತಗಸಿ
ಹೆಂಡತಿ ಧಾರಿ ಸೀರಿ ಅಂಚು ಲೈಟಿಗೆ ಹಿಡಿದು
ಎಣಿಸಲಿಕ್ಕೆ ಕೂತೆ. ಎಪ್ಪತ್ತರ ಸುಮಾರು ತಪ್ಪಿತು.
ಮತ್ತ ಮೊದಲಿಂದ. ಮತ್ತ ತಪ್ಪಿತು.
ಕಣ್ಣ ಆರಿಸ್ಕೊಂಡ್ರೇನು ನಿಮ್ಮದು, ಅಂದ್ಲು,
ಜಂಪರ್ ಬ್ಯಾರೆ ಹರಿದೈತಿ ಅದರದು, ಮಡಿಚಿಡ್ರಿ.

ಮೂವತ್ತೇಳು ದಿನಕ್ಕ ಫೈಲು ತಿರುಗಿ ಬಂತು.
ಹಸಿರು ಶಾಯಿ:
ಲಗತ್ತು ೧ ಏನೆಂದು ಸ್ಪಷ್ಟಪಡಿಸುವುದು.
ಸಂಬಂಧದ ಕಾಲಮ್ಮನ್ನು ನಿಯಮಾನುಸಾರ ಭರ್ತಿ ಮಾಡುವುದು.

ನೂಲಿನ ಗಂಟು ಯಾರೋ ಬಿಚ್ಚಿದ್ರು,
ತಿರುಗಿ ಹಾಕಲಿಕ್ಕೆ ಬಂದಿದ್ದಿಲ್ಲ ಅವರಿಗೆ.
ಎಳಿ ಒಂದೊಂದ ಬ್ಯಾರೆ ಆಗಿ
ಫೈಲಿನ ದಾರಕ್ಕ ಸುತ್ತಿಕೊಂಡಿದ್ವು.

ಇಪ್ಪತ್ತಾರು ವರ್ಷದ ನೌಕರ್‍ಯಾಗ
ಮ್ಯಾಲಿನವರಿಗೆ ನಾ ಎದುರು ಬರದವ ಅಲ್ಲ.
ಕೆಳಗ ಬರದೆ, ಕಚೇರಿ ಕನ್ನಡದಾಗನ:
ಸದರಿ ಲಗತ್ತು ನೂಲು ಇರುತ್ತದೆ.
ತಾವು ಎಣಿಸಿ ನೋಡಬಹುದಾಗಿದೆ.

ಸಂಬಂಧದ ಕಾಲಮ್ಮು ಮುಟ್ಟಲಿಲ್ಲ.
ಟಪಾಲು ವಹಿಯಾಗ ನಂಬರು ಹಚ್ಚಿದೆ.
ಕಿಡಕಿ ಹೊರಗ ಟ್ರ್ಯಾಕ್‌ಸೂಟಿನ ಹುಡುಗ ನಿಂತಿದ್ದ,
ಈ ಸಲ ಅವಗ ಖರೇನ ಟೈಫೈಡು,
ಚೀಟಿ ತಂದಿರಲಿಲ್ಲ.